ಹಿಮದ ನಾಡಿನ ಸೊಳ್ಳೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಉತ್ತರ ಫಿನ್‌ಲ್ಯಾಂಡ್‌ನ ಔಲು ಊರಿನಲ್ಲಿ. ಇಲ್ಲಿಂದ ಆರ್ಕ್‌ಟಿಕ್ ವೃತ್ತಕ್ಕೆ ಕಾರಿನಲ್ಲಿ ಮೂರು ಗಂಟೆ ದಾರಿ. "ನಿಮಗೇನು ಬಿಡು, ಅಲ್ಲಿ ಸೊಳ್ಳೆ ಕಾಟ ಇಲ್ಲ, ಪುಣ್ಯವಂತರು" ಎಂದು ಅಮ್ಮ ಫೋನಿನಲ್ಲಿ ಹೇಳಿದ ದಿನ ನನ್ನ ಎಡಗೈ ಒಂದರಲ್ಲೇ ಹನ್ನೊಂದು ದದ್ದುಗಳಿದ್ದವು. ಅವತ್ತಿನಿಂದ ಇವತ್ತಿನವರೆಗೂ ಊರಿನವರು ಕೇಳಿದ್ದು, ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬಂದ ಕನ್ನಡದವರು ಕೇಳಿದ್ದು, ಪ್ರವಾಸಕ್ಕೆ ಹೊರಟವರು ಬರೆದು ಕೇಳಿದ್ದು, ಎಲ್ಲವನ್ನೂ ಕೇಳಿದ ಹಾಗೆಯೇ ಇಲ್ಲಿ ಇಟ್ಟಿದ್ದೇನೆ.

## ಎಲ್ಲರೂ ಮೊದಲು ಕೇಳುವುದು

"ಮೈನಸ್ ಮೂವತ್ತು ಡಿಗ್ರಿ ಅಂತೀಯ, ಅಲ್ಲಿ ಸೊಳ್ಳೆ ಹೇಗೆ ಬದುಕುತ್ತೆ?"

ಬದುಕುತ್ತದೆ, ಅದೂ ಚೆನ್ನಾಗಿಯೇ. ನಮ್ಮೂರ ಸೊಳ್ಳೆ ಬಿಸಿಲು ಸೀಮೆಯದು. ಅದನ್ನು ತಂದು ಇಲ್ಲಿಯ ಜನವರಿಯಲ್ಲಿ ಬಿಟ್ಟರೆ ಒಂದು ರಾತ್ರಿಯೂ ಉಳಿಯುವುದಿಲ್ಲ. ಇಲ್ಲಿಯದು ಬೇರೆ ಜಾತಿ. ವರ್ಷದ ಬಹುಪಾಲು ಮೊಟ್ಟೆಯಾಗಿ ಮಲಗಿದ್ದು, ಬೇಸಿಗೆಯ ಕೆಲವೇ ವಾರಗಳಲ್ಲಿ ಇಡೀ ಬಾಳು ಮುಗಿಸಿಕೊಳ್ಳುತ್ತದೆ.

ಸೊಳ್ಳೆಗೆ ಬೇಕಾದ್ದು ನಿಂತ ನೀರು, ಒಂದಿಷ್ಟು ದಿನದ ಬಿಸಿಲು, ಒಂದು ಹೊಟ್ಟೆ ರಕ್ತ. ಮೂರೂ ಇಲ್ಲಿವೆ. ಉತ್ತರದ ಬೇಸಿಗೆ ಅಂದರೆ ಸುಮ್ನೆ ಅಲ್ಲ. ಸೈಬೀರಿಯಾದ ವರ್ಖೊಯಾನ್ಸ್ಕ್ ಆರ್ಕ್‌ಟಿಕ್ ವೃತ್ತದ ಒಳಗಿನ ಊರು. ಚಳಿಗಾಲದಲ್ಲಿ ಮೈನಸ್ 60ಕ್ಕಿಂತ ಕೆಳಗೆ ಇಳಿದ ದಾಖಲೆ ಅದಕ್ಕಿದೆ. ಅದೇ ಊರಿನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಬಿಸಿಲಿತ್ತು. ನಮ್ಮ ರಾಯಚೂರಿನವರಿಗೆ ಗೊತ್ತಿರುವ ಬಿಸಿಲು ಅದು.

"ನಮ್ಮೂರಿಗಿಂತ ಜಾಸ್ತಿ ಇವೆಯಾ?"

ಜಾತಿ ಎಣಿಸಿದರೆ ತುಂಬಾ ಕಡಿಮೆ. ಪ್ರಪಂಚದಲ್ಲಿ 3,500ಕ್ಕೂ ಹೆಚ್ಚು ಜಾತಿಯ ಸೊಳ್ಳೆಗಳಿವೆ, ಭಾರತದಲ್ಲೇ ಸುಮಾರು 400. ಅಲಾಸ್ಕಾದಲ್ಲಿ ಸುಮಾರು 35. ಗ್ರೀನ್‌ಲ್ಯಾಂಡ್‌ನಲ್ಲಿ ಎರಡೇ ಎರಡು. ಉತ್ತರಕ್ಕೆ ಹೋದಷ್ಟೂ ಜಾತಿ ಕಮ್ಮಿಯಾಗುತ್ತದೆ, ದಂಡು ದೊಡ್ಡದಾಗುತ್ತದೆ.

ಕಾರಣ, ಎಲ್ಲವೂ ಒಟ್ಟಿಗೆ ಏಳುತ್ತವೆ. ನಮ್ಮಲ್ಲಿ ವರ್ಷವಿಡೀ ಒಂದರ ಹಿಂದೆ ಒಂದು ತಲೆಮಾರು ಬರುತ್ತಲೇ ಇರುತ್ತದೆ. ಇಲ್ಲಿ ವರ್ಷಕ್ಕೆ ಒಂದೇ ತಲೆಮಾರು. ಹಿಮ ಕರಗಿದ ಕೂಡಲೇ ಲಕ್ಷಾಂತರ ಹೊಂಡಗಳಲ್ಲಿ ಒಂದೇ ಸಲ ಮೊಟ್ಟೆ ಒಡೆಯುತ್ತದೆ. ಜೂನ್ ಕೊನೆಯ ಒಂದು ಸಂಜೆ ಜೌಗು ನೆಲದ ಪಕ್ಕ ನಿಂತರೆ ಜೋಯ್ ಅನ್ನುವ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

"ಚಳಿಗಾಲದಲ್ಲಿ ಅವೆಲ್ಲ ಎಲ್ಲಿಗೆ ಹೋಗುತ್ತವೆ?"

ಎಲ್ಲಿಗೂ ಹೋಗುವುದಿಲ್ಲ. ಹೆಚ್ಚಿನವು ಪಾಚಿ ಮತ್ತು ಮಣ್ಣಿನ ನಡುವೆ ಮೊಟ್ಟೆಯಾಗಿರುತ್ತವೆ. ಬೇಸಿಗೆಯಲ್ಲಿ ಹಾರಿದ ದೊಡ್ಡವು ಅಷ್ಟರಲ್ಲಿ ಸತ್ತಿರುತ್ತವೆ.

ಕೆಲವು ಜಾತಿಯ ಹೆಣ್ಣುಗಳು ಮಾತ್ರ ದೊಡ್ಡ ಸೊಳ್ಳೆಯಾಗಿಯೇ ಚಳಿಗಾಲ ಕಳೆಯುತ್ತವೆ. ಸಡಿಲವಾದ ತೊಗಟೆಯ ಕೆಳಗೆ, ಒಣ ಎಲೆಯ ರಾಶಿಯಲ್ಲಿ, ಮನೆಯ ನೆಲಮಾಳಿಗೆಯಲ್ಲಿ ಸೇರಿಕೊಳ್ಳುತ್ತವೆ. ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು ಒಳಗಿನ ನೀರು ಗಡ್ಡೆ ಕಟ್ಟದ ಹಾಗೆ ನೋಡಿಕೊಳ್ಳುತ್ತವೆ. ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟ್ ಮಾಡುವುದೂ ಇದೇ ಕೆಲಸ. ಅಲಾಸ್ಕಾದಲ್ಲಿ ಇಂಥ ಒಂದು ಜಾತಿ ಇನ್ನೂ ಅಲ್ಲಲ್ಲಿ ಹಿಮ ಇರುವಾಗಲೇ ಹೊರಗೆ ಬರುತ್ತದೆ. ಗಾತ್ರದಲ್ಲಿ ದೊಡ್ಡದು, ಹಾರಾಟ ನಿಧಾನ, ಕೈಯಲ್ಲೇ ಹೊಡೆಯಬಹುದು. ಆಮೇಲೆ ಬರುವ ಚಿಕ್ಕವು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

"ಮೊಟ್ಟೆ ಗಡ್ಡೆ ಕಟ್ಟಿ ಒಡೆದು ಹೋಗಲ್ವಾ?"

ಹಿಮ ಅದಕ್ಕೆ ಕಂಬಳಿ. ಹೊರಗೆ ಮೈನಸ್ 30 ಇದ್ದರೂ ಎರಡು-ಮೂರು ಅಡಿ ಹಿಮದ ಕೆಳಗೆ ನೆಲದ ಹತ್ತಿರ ಸೊನ್ನೆಗಿಂತ ಸ್ವಲ್ಪ ಕೆಳಗೆ, ಅಷ್ಟೇ. ಹಿಮದಲ್ಲಿ ಸಿಕ್ಕಿಕೊಂಡ ಗಾಳಿ ನೆಲದ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಹಿಮ ಕಡಿಮೆ ಬಿದ್ದ ವರ್ಷವೂ ಮೊಟ್ಟೆ ತಡೆದುಕೊಳ್ಳುತ್ತದೆ, ಏಕೆಂದರೆ ಅದರೊಳಗಿನ ದ್ರವ ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಗಡ್ಡೆಯಾಗುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಶರತ್ಕಾಲ ಬರುವಷ್ಟರಲ್ಲಿ ಮೊಟ್ಟೆಯೊಳಗೆ ಮರಿ ಪೂರ್ತಿ ತಯಾರಾಗಿರುತ್ತದೆ. ಒಡೆಯುವುದೊಂದೇ ಬಾಕಿ. ಮರಿ ಹಾಗೆಯೇ ಕಾಯುತ್ತದೆ. ಹಿಮ ಕರಗಿ ನೀರು ತುಂಬಿದಾಗ ಕೊಳೆತ ಎಲೆಯ ಮೇಲೆ ಸೂಕ್ಷ್ಮಜೀವಿಗಳು ಹೆಚ್ಚಿ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಆ ಕಡಿಮೆಯಾಗುವುದೇ ಮರಿಗೆ ಸೂಚನೆ. ನೀರಿನಲ್ಲಿ ತಿನ್ನಲು ಏನೋ ಬೆಳೆಯುತ್ತಿದೆ ಎಂದು ಅದರ ಅರ್ಥ. ಎಲ್ಲ ಮೊಟ್ಟೆಯೂ ಆ ವರ್ಷವೇ ಒಡೆಯಬೇಕೆಂದಿಲ್ಲ. ಕೆಲವು ಮುಂದಿನ ವರ್ಷಕ್ಕೆ ಉಳಿಯುತ್ತವೆ. ಒಂದು ವರ್ಷ ಹೊಂಡ ಬೇಗ ಒಣಗಿದರೂ ವಂಶ ಅಳಿಯುವುದಿಲ್ಲ.

"ಅಲ್ಲಿ ಮಳೆ ಕಡಿಮೆ ಅಂತೀರಿ. ಅಷ್ಟು ನೀರು ಎಲ್ಲಿಂದ ಬರುತ್ತೆ?"

ನೀರು ಬರುವುದಕ್ಕಿಂತ ಹೋಗದೇ ಇರುವುದು ಮುಖ್ಯ. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾದಲ್ಲಿ ನೆಲದ ಕೆಳಗಿನ ಪದರ ವರ್ಷವಿಡೀ ಗಡ್ಡೆ ಕಟ್ಟಿಯೇ ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಅಡಿ ಮಾತ್ರ ಕರಗುತ್ತದೆ. ಕರಗಿದ ನೀರು ಕೆಳಗೆ ಇಂಗಲು ದಾರಿ ಇಲ್ಲ. ಸಿಮೆಂಟ್ ತೊಟ್ಟಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಫಿನ್‌ಲ್ಯಾಂಡ್‌ನ ಹೆಚ್ಚಿನ ಕಡೆ ಆ ಗಡ್ಡೆ ಪದರ ಇಲ್ಲ, ಆದರೆ ಜೌಗು ನೆಲ ಬೇಕಾದಷ್ಟಿದೆ, ಅಲ್ಲಿಯೂ ನೀರು ಹರಿದುಹೋಗುವುದಿಲ್ಲ.

ಒಂದು ಮೇ ತಿಂಗಳಲ್ಲಿ ಮನೆ ಹಿಂದಿನ ಕಾಡಿನ ಹೊಂಡದಿಂದ ಊರಿಂದ ತಂದ ಸ್ಟೀಲ್ ಲೋಟದಲ್ಲಿ ನೀರು ಮೊಗೆದು ನೋಡಿದೆ. ಹೊಂಡದ ನೆರಳಿನ ಬದಿಯಲ್ಲಿ ಇನ್ನೂ ಮಂಜುಗಡ್ಡೆ ಇತ್ತು. ಬಿಸಿಲಿನ ಬದಿಯ ನೀರು ಟೀ ಡಿಕಾಕ್ಷನ್ ಬಣ್ಣದ್ದು, ಲೋಟದಲ್ಲಿ ಮೂವತ್ತಕ್ಕೂ ಹೆಚ್ಚು ಹುಳುಗಳು, ಅಂದರೆ ಮೊಟ್ಟೆಯಿಂದ ಬಂದ ಸೊಳ್ಳೆ ಮರಿಗಳು. ಎಲ್ಲವೂ ತಲೆಕೆಳಗಾಗಿ, ಬಾಲದ ತುದಿಯ ನಳಿಕೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತಿದ್ದವು. ಕೈಯ ನೆರಳು ಬಿದ್ದ ಕೂಡಲೇ ಒಟ್ಟಿಗೆ ತಳಕ್ಕೆ ನುಲಿದುಕೊಂಡು ಹೋದವು. ನೆರಳಿನ ಬದಿಯಿಂದ ಮೊಗೆದ ಲೋಟದಲ್ಲಿ ಎರಡೇ ಇದ್ದವು. ಹುಳುಗಳು ಬೆಚ್ಚಗಿರುವ ಬದಿಗೆ ಗುಂಪುಗೂಡುತ್ತವೆ. ಆಳವಿಲ್ಲದ ಕಪ್ಪು ನೀರು ಬಿಸಿಲು ಹೀರಿ ಬೇಗ ಕಾಯುತ್ತದೆ, ಇಲ್ಲಿ ಬಿಸಿಲು ದಿನಕ್ಕೆ ಇಪ್ಪತ್ತು ಗಂಟೆ ಇರುತ್ತದೆ. ಹಾಗಿದ್ದರೂ ಹಾರುವ ಸೊಳ್ಳೆಯಾಗಲು ಮೂರು-ನಾಲ್ಕು ವಾರ ಬೇಕು. ಬೆಂಗಳೂರಿನ ಸಂಪಿನಲ್ಲಿ ಅದೇ ಕೆಲಸ ವಾರ-ಹತ್ತು ದಿನದಲ್ಲಿ ಮುಗಿಯುತ್ತದೆ.

## ನೋಡಲು ಬರುವವರಿಗೆ

"ಯಾವ ತಿಂಗಳು ಬಂದರೆ ಸೊಳ್ಳೆ ಇರಲ್ಲ?"

ಜೂನ್ ಮಧ್ಯದಿಂದ ಜುಲೈ ಮುಗಿಯುವವರೆಗೆ ಫಿನ್‌ಲ್ಯಾಂಡ್‌ನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್‌ನಲ್ಲಿ ಜೋರು. ಇಲ್ಲಿಯವರು ಆ ದಿನಗಳಿಗೆ 'ರಾಕ್ಕಾ' ಎಂದೇ ಹೆಸರಿಟ್ಟಿದ್ದಾರೆ. ಕಚ್ಚುವ ಹುಳಗಳ ಕಾಲ ಎಂದರ್ಥ. ಆಗಸ್ಟ್‌ನಲ್ಲಿ ಇಳಿಯುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಎರಡನೇ ವಾರ ಬನ್ನಿ. ಸೊಳ್ಳೆ ಇರುವುದಿಲ್ಲ, ಕಾಡು ಕೆಂಪು-ಹಳದಿ ಆಗಿರುತ್ತದೆ, ರಾತ್ರಿ ಕತ್ತಲಾಗುವುದರಿಂದ ಆಕಾಶದಲ್ಲಿ ಹೊಳೆಯುವ ಉತ್ತರದ ಬೆಳಕೂ (ಅರೋರಾ) ಕಾಣುತ್ತದೆ. ಮಧ್ಯರಾತ್ರಿಯಲ್ಲೂ ಮುಳುಗದ ಸೂರ್ಯನನ್ನೇ ನೋಡಬೇಕು ಅಂದರೆ ಮಾತ್ರ ಸೊಳ್ಳೆಯ ಜೊತೆಗೇ ನೋಡಬೇಕು.

"ಓಡೋಮಾಸ್ ತರಲಾ? ಪ್ಲಗ್‌ಗೆ ಹಾಕೋ ಲಿಕ್ವಿಡ್ ತರಲಾ?"

ಪ್ಲಗ್ಗಿನದು ಕೋಣೆಯೊಳಗೆ ಮಾತ್ರ. ಇಲ್ಲಿ ಮನೆಗಳಿಗೆ ಒಳ್ಳೆ ಜಾಲರಿ ಇರುತ್ತದೆ, ಒಳಗೆ ಸಮಸ್ಯೆ ಕಡಿಮೆ. ಹೊರಗೆ ಓಡಾಡಲು ಡೀಟ್ ಅಥವಾ ಇಕಾರಿಡಿನ್ ಇರುವ ಸ್ಪ್ರೇ ಇಲ್ಲಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ, ಅದನ್ನೇ ಕೊಳ್ಳಿ. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕನ್ನಡಕ, ವಾಚು, ಫೋನ್ ಕವರ್ ಜೋಪಾನ.

ಸ್ಪ್ರೇಗಿಂತ ಬಟ್ಟೆ ಮುಖ್ಯ. ಬಿಗಿಯಾದ ಲೆಗ್ಗಿಂಗ್ಸ್ ಮೇಲೆ ಕೂತು ಕಚ್ಚುತ್ತವೆ. ಸಡಿಲವಾದ, ತಿಳಿ ಬಣ್ಣದ, ಒತ್ತಾಗಿ ನೇಯ್ದ ತುಂಬು ತೋಳಿನ ಬಟ್ಟೆ ಹಾಕಿ. ಟೋಪಿ ಮೇಲೆ ಹಾಕಿಕೊಳ್ಳುವ ಬಲೆ ಅಗ್ಗ, ಹಗುರ, ಒಂದು ತಂದುಕೊಳ್ಳಿ. ಟೆಂಟ್ ಹಾಕುವುದಾದರೆ ಗಾಳಿ ಬೀಸುವ ಬೋಳು ಗುಡ್ಡದ ಮೇಲೆ ಹಾಕಿ. ಗಾಳಿಯಲ್ಲಿ ಸೊಳ್ಳೆ ಹಾರಲಾರದು. ಹಳೆಯ ಕಾಲದಲ್ಲಿ ಇಲ್ಲಿಯವರು ಮುಖಕ್ಕೆ ಪೈನ್ ಮರದ ಟಾರ್ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಈಗಲೂ ಸಿಗುತ್ತದೆ, ಹೊಗೆಯ ವಾಸನೆ ಎರಡು ದಿನ ಹೋಗುವುದಿಲ್ಲ.

"ನಮಗೆ ಮಾತ್ರ ಇಷ್ಟು ದೊಡ್ಡದಾಗಿ ಊದಿಕೊಳ್ಳುತ್ತೆ, ಅವರಿಗೆ ಏನೂ ಆಗಲ್ಲ. ಯಾಕೆ?"

ದದ್ದು ಏಳುವುದು ಸೊಳ್ಳೆಯ ಜೊಲ್ಲಿಗೆ ನಮ್ಮ ಮೈ ತಿರುಗಿಬೀಳುವುದರಿಂದ. ಇಲ್ಲಿಯ ಜಾತಿಗಳ ಜೊಲ್ಲು ನಮಗೆ ಹೊಸದು. ವರ್ಷಗಟ್ಟಲೆ ಕಚ್ಚಿಸಿಕೊಂಡವರ ಮೈಗೆ ಅದು ಒಗ್ಗಿಹೋಗಿರುತ್ತದೆ. ನನಗೆ ಮೊದಲ ಬೇಸಿಗೆಯಲ್ಲಿ ಕಣ್ಣು ಮುಚ್ಚಿಹೋಗುವಷ್ಟು ಊದಿತ್ತು, ಈಗ ಅರ್ಧ ಗಂಟೆಯ ತುರಿಕೆ. ಚಿಕ್ಕ ಮಕ್ಕಳಿಗೆ ಜಾಸ್ತಿ ಊದುತ್ತದೆ. ತಣ್ಣೀರು ಬಟ್ಟೆ ಒತ್ತಿ. ಅಲರ್ಜಿ ಮಾತ್ರೆ ಕೊಡುವ ಮೊದಲು ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ.

## ಕಾಯಿಲೆಯ ಭಯ

"ಅಲ್ಲೂ ಈಡಿಸ್ ಸೊಳ್ಳೆಯೇ ಅಂತೆ. ಡೆಂಗೀ ಬರುತ್ತಾ?"

ಹೆಸರು ನೋಡಿ ಹೆದರಬೇಡಿ. ಈಡಿಸ್ ಒಂದು ದೊಡ್ಡ ಬಳಗ. ಇಲ್ಲಿಯ ಹಲವು ಜಾತಿಗಳು ಆ ಬಳಗದವೇ. ಡೆಂಗೀ ಹರಡುವ ಈಡಿಸ್ ಈಜಿಪ್ಟೈ ಮಾತ್ರ ಈ ಚಳಿಯಲ್ಲಿ ಬದುಕಲಾರದು. ಡೆಂಗೀ ವೈರಸ್ ಸೊಳ್ಳೆಯ ಒಳಗೆ ಬೆಳೆಯುವುದಕ್ಕೂ ಬಿಸಿ ಬೇಕು.

"ಹಾಗಾದರೆ ಯಾವ ಕಾಯಿಲೆಯೂ ಇಲ್ವಾ?"

ಇವೆ, ಕಡಿಮೆ. ಫಿನ್‌ಲ್ಯಾಂಡ್‌ನಲ್ಲಿ ಪೊಗೋಸ್ತಾ ಜ್ವರ ಎಂದು ಒಂದಿದೆ. ಮೈಮೇಲೆ ದದ್ದು, ಜ್ವರ, ಕೀಲು ನೋವು. ಕೆಲವರಿಗೆ ಕೀಲು ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಕೇಳಿದ ಹಾಗಿದೆ ಅನ್ನಿಸಿತಲ್ವಾ? 2006ರಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಜನ ಗೋಡೆ ಹಿಡಿದು ನಡೆಯುವ ಹಾಗೆ ಮಾಡಿದ ಚಿಕೂನ್‌ಗುನ್ಯಾದ ವೈರಸ್‌ಗೆ ಇದು ಹತ್ತಿರದ ನೆಂಟ. ಇದರ ವೈರಸ್ಸಿನ ಹೆಸರು ಸಿಂಡ್‌ಬಿಸ್. ಮೊದಲು ಸಿಕ್ಕಿದ್ದು ಈಜಿಪ್ಟ್‌ನ ಒಂದು ಊರಿನಲ್ಲಿ, ಅದೇ ಊರಿನ ಹೆಸರು. ಇದು ಹಕ್ಕಿಗಳಲ್ಲಿ ಇರುತ್ತದೆ, ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯರಿಗೆ. ಫಿನ್‌ಲ್ಯಾಂಡ್‌ನಲ್ಲಿ 1974, 1981, 1988, 1995, 2002ರಲ್ಲಿ ಜೋರಾಗಿ ಬಂತು, ಏಳೇಳು ವರ್ಷಕ್ಕೆ ಒಮ್ಮೆ. ಸ್ವೀಡನ್‌ನಲ್ಲಿ ಇದಕ್ಕೆ ಓಕೆಲ್ಬೊ ಕಾಯಿಲೆ ಅನ್ನುತ್ತಾರೆ, ರಷ್ಯಾದಲ್ಲಿ ಕರೇಲಿಯಾ ಜ್ವರ.

ಇನ್ನೊಂದು ಟುಲರೇಮಿಯಾ. ಮೊಲ, ಇಲಿಗಳ ಕಾಯಿಲೆ, ಬ್ಯಾಕ್ಟೀರಿಯಾದಿಂದ ಬರುತ್ತದೆ. ಫಿನ್‌ಲ್ಯಾಂಡ್, ಸ್ವೀಡನ್‌ಗಳಲ್ಲಿ ಸೊಳ್ಳೆ ಕಡಿತದಿಂದಲೂ ಹರಡುತ್ತದೆ. ಕಚ್ಚಿದ ಜಾಗ ಹುಣ್ಣಾಗಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದು, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಆಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ.

"ಮಲೇರಿಯಾ ಒಂದು ಕಾಲದಲ್ಲಿ ಅಲ್ಲೂ ಇತ್ತು ಅನ್ನೋದು ನಿಜಾನಾ?"

ನಿಜ. ನನಗೂ ಮೊದಲು ನಂಬಲಾಗಲಿಲ್ಲ. ಫಿನ್ನಿಶ್‌ನಲ್ಲಿ ಅದಕ್ಕೆ 'ಹೋರ್ಕ್ಕಾ' ಎಂಬ ಹಳೆಯ ಹೆಸರೇ ಇದೆ. ಸ್ವೀಡನ್‌ನ ಕಾರ್ಲ್ ಲಿನೇಯಸ್, ಗಿಡ-ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದವರು, 1735ರಲ್ಲಿ ವೈದ್ಯ ಪದವಿಗೆ ಬರೆದ ಪ್ರಬಂಧ ಇದೇ ಬಿಟ್ಟು ಬಿಟ್ಟು ಬರುವ ಜ್ವರದ ಮೇಲೆ. ನೀರಿನಲ್ಲಿರುವ ಜೇಡಿಮಣ್ಣಿನ ಕಣವೇ ಕಾರಣ ಎಂದು ಅವರು ತಿಳಿದಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾದ ಗುರುತು ಕಂಡದ್ದು 1897ರಲ್ಲಿ, ನಮ್ಮ ಪಕ್ಕದ ಸಿಕಂದರಾಬಾದ್‌ನಲ್ಲಿ.

ಇಷ್ಟು ಚಳಿಯಲ್ಲಿ ಮಲೇರಿಯಾ ಹೇಗೆ ನಡೆಯುತ್ತಿತ್ತು? ಮನೆಯೊಳಗೆ. ಮಲೇರಿಯಾ ಹರಡುವ ಬಳಗದ ಸೊಳ್ಳೆ ಅನಾಫಿಲಿಸ್. ಇಲ್ಲಿಯ ಅದರ ಹೆಣ್ಣುಗಳು ಚಳಿಗಾಲಕ್ಕೆ ಬೆಚ್ಚಗಿನ ಮರದ ಮನೆಗಳನ್ನು ಸೇರುತ್ತಿದ್ದವು. ಒಂದೇ ಕೋಣೆಯಲ್ಲಿ ಇಡೀ ಕುಟುಂಬ ಒತ್ತಿಕೊಂಡು ಮಲಗುತ್ತಿತ್ತು. ಒಬ್ಬರಿಂದ ಪಕ್ಕದವರಿಗೆ ಹಬ್ಬುವುದಕ್ಕೆ ಅಷ್ಟು ಸಾಕು. ವೈವ್ಯಾಕ್ಸ್ ಬಗೆಯ ಮಲೇರಿಯಾ ಲಿವರಿನಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದು, ಹಾಗಾಗಿ ಉದ್ದನೆಯ ಚಳಿಗಾಲವನ್ನೂ ದಾಟುತ್ತಿತ್ತು. 1922–23ರ ಸೋವಿಯತ್ ಮಲೇರಿಯಾ ಪಿಡುಗು ಉತ್ತರದ ಅರ್ಖಾಂಗೆಲ್ಸ್ಕ್‌ವರೆಗೂ ಹೋಯಿತು. ಇವತ್ತು ಇಲ್ಲಿ ಅನಾಫಿಲಿಸ್ ಇದೆ, ಮಲೇರಿಯಾ ಇಲ್ಲ. ಮನೆ ದೊಡ್ಡದಾಯಿತು, ಕೋಣೆಗಳು ಬೇರೆಯಾದವು, ಔಷಧಿ ಬಂತು.

"ಎರಡು ಗಂಟೆಯಲ್ಲಿ ಮೈಯ ಅರ್ಧ ರಕ್ತ ಹೀರಿಬಿಡುತ್ತವಂತೆ?"

ಈ ಮಾತು ತುಂಬಾ ಓಡಾಡುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಸೊಳ್ಳೆ ಒಂದು ಸಲಕ್ಕೆ ಕುಡಿಯುವುದು ಲೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎರಡು-ಮೂರು ಭಾಗ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಅದರ ಅರ್ಧಕ್ಕೆ ಸುಮಾರು ಹತ್ತು ಲಕ್ಷ ಕಡಿತ ಬೇಕು, ಅಂದರೆ ನಿಮಿಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು. ಬರೀ ಮೈಯಲ್ಲಿ ಅಲ್ಲಾಡದೆ ಎರಡು ಗಂಟೆ ಯಾರೂ ನಿಲ್ಲುವುದಿಲ್ಲ. ಓಡಲಾರದ ಪುಟ್ಟ ಹಿಮಸಾರಂಗದ ಕರುವಿನ ಕಷ್ಟ ಮಾತ್ರ ನಿಜವಾದದ್ದು.

## ಇನ್ನೂ ಆಳಕ್ಕೆ

"ಜನರೇ ಇಲ್ಲದ ಕಡೆ ಯಾರ ರಕ್ತ ಕುಡಿಯುತ್ತವೆ?"

ಹಿಮಸಾರಂಗ, ಮೊಲ, ಹಕ್ಕಿ. ಉತ್ತರ ಅಮೆರಿಕದಲ್ಲಿ ಕ್ಯಾರಿಬೂ, ಅಂದರೆ ಅಲ್ಲಿಯ ಕಾಡು ಹಿಮಸಾರಂಗ. ರಾಕ್ಕಾ ದಿನಗಳಲ್ಲಿ ಹಿಮಸಾರಂಗಗಳು ಮೇಯುವುದನ್ನು ಬಿಟ್ಟು ಗಾಳಿ ಇರುವ ಗುಡ್ಡದ ನೆತ್ತಿಗೆ, ಉಳಿದ ಹಿಮದ ತೇಪೆಗಳ ಮೇಲೆ ಹೋಗಿ ಒತ್ತಾಗಿ ನಿಲ್ಲುತ್ತವೆ. ಮೇವು ಕೆಳಗೆ, ಗಾಳಿ ಮೇಲೆ. ಮೇಯದೆ ಹೋದ ಆ ದಿನಗಳು ಕರುಗಳ ತೂಕದಲ್ಲಿ ಕಾಣುತ್ತವೆ.

ಹಿಮಸಾರಂಗ ಸಾಕುವವರಿಗೆ ಇದರಿಂದ ಒಂದು ಅನುಕೂಲವೂ ಉಂಟು. ಕಾಡಿನಲ್ಲಿ ಚದುರಿದ್ದ ಹಿಂಡು ತಾನಾಗಿ ಒಂದೆಡೆ ಸೇರುತ್ತದೆ. ಆಗಲೇ ಕರುಗಳನ್ನು ಹಿಡಿದು ಕಿವಿಗೆ ಯಜಮಾನನ ಗುರುತು ಹಾಕುತ್ತಾರೆ, ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ. ಅಂಥ ಒಂದು ರಾತ್ರಿ ನಾನು ಬೇಲಿಯ ಹೊರಗೆ ನಿಂತು ನೋಡಿದ್ದೇನೆ. ಸೂರ್ಯ ಮುಳುಗಿರಲಿಲ್ಲ. ಬೆಂಕಿಯ ಮೇಲೆ ಹಸಿ ಹುಲ್ಲು, ಪಾಚಿ ಹಾಕಿ ಹೊಗೆ ಎಬ್ಬಿಸಿದ್ದರು. ಹಿಮಸಾರಂಗಗಳು ಬಂದು ಆ ಹೊಗೆಯೊಳಗೇ ಮೂತಿ ಇಟ್ಟು, ಕಣ್ಣು ಅರೆ ಮುಚ್ಚಿ ನಿಂತುಬಿಟ್ಟವು. ಸಂಜೆ ಕೊಟ್ಟಿಗೆಯಲ್ಲಿ ಅಜ್ಜಿ ಬೆರಣಿ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿದಾಗ ನಮ್ಮ ಹಸುಗಳು ನಿಲ್ಲುತ್ತಿದ್ದದ್ದು ಥೇಟ್ ಹಾಗೆಯೇ.

ರಕ್ತವೇ ಸಿಗದಿದ್ದರೂ ಕೆಲವು ಸೊಳ್ಳೆಗಳು ಮೊಟ್ಟೆ ಇಡುತ್ತವೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಹೇಜನ್ ಸರೋವರದ ಹತ್ತಿರ, ಉತ್ತರ ಧ್ರುವಕ್ಕೆ ಅಷ್ಟು ಸಮೀಪದಲ್ಲಿ, ಇದನ್ನು 1960ರ ದಶಕದಲ್ಲಿ ಕೀಟ ವಿಜ್ಞಾನಿ ಫಿಲಿಪ್ ಕಾರ್ಬೆಟ್ ಕಂಡರು. ಹುಳುವಾಗಿದ್ದಾಗ ಕೂಡಿಟ್ಟ ಪೋಷಣೆಯಿಂದಲೇ ಕೆಲವು ಮೊಟ್ಟೆಗಳು ತಯಾರಾಗುತ್ತವೆ. ಅಲ್ಲಿಯ ಕೆಲವು ಹೂವುಗಳು ಸೂರ್ಯನ ಕಡೆಗೇ ತಿರುಗುತ್ತಾ ಇರುತ್ತವೆ. ಹೂವಿನ ನಡುಭಾಗ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಬೆಚ್ಚಗೆ. ಸೊಳ್ಳೆಗಳು ಅಲ್ಲಿ ಕೂತು ಮೈ ಕಾಯಿಸಿಕೊಳ್ಳುತ್ತವೆ.

"ಔಷಧಿ ಹೊಡೆದು ಎಲ್ಲವನ್ನೂ ಸಾಯಿಸಬಾರದಾ?"

ಚಿಕ್ಕ ಜಾಗದಲ್ಲಿ ಮಾಡುತ್ತಾರೆ. ಸ್ವೀಡನ್‌ನ ದಾಲ್ ನದಿಯ ಕೆಳಭಾಗದಲ್ಲಿ ಪ್ರವಾಹ ಇಳಿದ ಮೇಲೆ ಜನ ಮನೆಯಿಂದ ಹೊರಗೆ ಬರಲಾರದಷ್ಟು ಸೊಳ್ಳೆ ಏಳುತ್ತಿತ್ತು. 2002ರಿಂದ ಅಲ್ಲಿ ಹೆಲಿಕಾಪ್ಟರಿನಿಂದ ಬಿಟಿಐ ಎಂಬ ಬ್ಯಾಕ್ಟೀರಿಯಾದ ಹರಳು ಚೆಲ್ಲುತ್ತಾರೆ. 1976ರಲ್ಲಿ ಇಸ್ರೇಲ್‌ನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು. ಸೊಳ್ಳೆಯ ಹುಳು ತಿಂದರೆ ಅದರ ಕರುಳು ಹರಿಯುತ್ತದೆ, ಮೀನಿಗೂ ಮನುಷ್ಯರಿಗೂ ತೊಂದರೆ ಇಲ್ಲ. ಇಡೀ ಸೈಬೀರಿಯಾಕ್ಕೆ, ಅಲಾಸ್ಕಾಕ್ಕೆ ಹಾಗೆ ಚೆಲ್ಲಲು ಆಗುವುದಿಲ್ಲ. ನಮ್ಮಲ್ಲಿ ಬಿಡುವ ಗಪ್ಪಿ ಮೀನಿಗೆ ಈ ಚಳಿ ಆಗುವುದಿಲ್ಲ.

ಆದರೂ ಬೇಡ ಎಂದೇ ನಾನು ಹೇಳುತ್ತೇನೆ. ಇಲ್ಲಿಯ ಹಕ್ಕಿಗಳು, ನೀರಿನ ಜೀರುಂಡೆಗಳು ಇವನ್ನು ತಿನ್ನುತ್ತವೆ. ಉತ್ತರ ಅಮೆರಿಕದ ಜೌಗು ಕಾಡಿನಲ್ಲಿ ಬೆಳೆಯುವ ಒಂದು ಪುಟ್ಟ ಹಸಿರು ಆರ್ಕಿಡ್‌ಗೆ ಸೊಳ್ಳೆಯೇ ಪರಾಗ ಒಯ್ಯುವ ಮುಖ್ಯ ಕೀಟ. ಸೊಳ್ಳೆ ಮಕರಂದಕ್ಕೆ ಮುಖ ತೂರಿಸಿದಾಗ ಹಳದಿ ಪರಾಗದ ಗಂಟು ಅದರ ಕಣ್ಣಿಗೇ ಅಂಟಿಕೊಳ್ಳುತ್ತದೆ. ಆ ಹೂವಿನ ವಾಸನೆಯಲ್ಲಿರುವ ನೊನಾನಲ್ ಎಂಬ ರಾಸಾಯನಿಕ ನಮ್ಮ ಮೈವಾಸನೆಯಲ್ಲೂ ಇದೆ.

"ಐಸ್‌ಲ್ಯಾಂಡ್‌ನಲ್ಲಿ ಸೊಳ್ಳೆಯೇ ಇಲ್ಲ ಅಂತ ಓದಿದ್ದೆ. ಹೇಗೆ?"

ಇರಲಿಲ್ಲ, 2025ರವರೆಗೆ. ಆ ಅಕ್ಟೋಬರ್‌ನಲ್ಲಿ ಕ್ಯೋಸ್ ಎಂಬ ಕಡೆ ಮೂರು ಸಿಕ್ಕವು, ಎರಡು ಹೆಣ್ಣು, ಒಂದು ಗಂಡು. ಪತಂಗ ಹಿಡಿಯಲು ಸಿಹಿ ಹಾಕಿದ ವೈನಿನಲ್ಲಿ ಅದ್ದಿ ತೂಗುಹಾಕಿದ್ದ ದಾರಕ್ಕೆ ಬಂದಿದ್ದವು. ಯುರೋಪಿನ ಚಳಿಗೆ ಒಗ್ಗಿದ, ದೊಡ್ಡ ಸೊಳ್ಳೆಯಾಗಿಯೇ ಚಳಿಗಾಲ ಕಳೆಯುವ ಜಾತಿ.

ಅಷ್ಟು ದಿನ ಏಕೆ ಇರಲಿಲ್ಲ ಎಂಬುದಕ್ಕೆ ಹೆಚ್ಚು ಹೇಳುವ ಕಾರಣ ಹೀಗಿದೆ. ಗ್ರೀನ್‌ಲ್ಯಾಂಡ್‌ನಲ್ಲಿ ನೀರು ವರ್ಷಕ್ಕೆ ಒಂದೇ ಸಲ ಗಡ್ಡೆಯಾಗುತ್ತದೆ, ಒಂದೇ ಸಲ ಕರಗುತ್ತದೆ. ಐಸ್‌ಲ್ಯಾಂಡ್‌ನಲ್ಲಿ ಸಮುದ್ರದ ಗಾಳಿಯಿಂದ ಒಂದೇ ಚಳಿಗಾಲದಲ್ಲಿ ಹಲವು ಸಲ ಗಟ್ಟಿಯಾಗಿ, ಕರಗಿ, ಮತ್ತೆ ಗಟ್ಟಿಯಾಗುತ್ತದೆ. ಕರಗಿದಾಗ ಎದ್ದ ಮರಿ ಮುಂದಿನ ಹೆಪ್ಪಿಗೆ ಸಿಕ್ಕಿ ಸಾಯುತ್ತದೆ. ಒಂದೇ ಸಮನಾದ ಕಡು ಚಳಿಗಿಂತ ಎಡೆಬಿಡದೆ ಬದಲಾಗುವ ಮೆಲು ಚಳಿ ಸೊಳ್ಳೆಗೆ ಕಷ್ಟ.

"ಭೂಮಿ ಬಿಸಿಯಾದರೆ ಅವು ಹೆಚ್ಚಾಗುತ್ತವಾ?"

ಗ್ರೀನ್‌ಲ್ಯಾಂಡ್‌ನ ಕಾಂಗೆರ್ಲುಸುವಾಕ್‌ನಲ್ಲಿ ವಿಜ್ಞಾನಿ ಲಾರೆನ್ ಕಲ್ಲರ್ ಮತ್ತು ಜೊತೆಗಾರರು ಇದನ್ನೇ ಅಳೆದರು, 2015ರಲ್ಲಿ ಪ್ರಕಟಿಸಿದರು. ನೀರು ಬಿಸಿಯಾದರೆ ಹುಳು ಬೇಗ ಬೆಳೆಯುತ್ತದೆ, ಅದನ್ನು ತಿನ್ನುವ ನೀರಿನ ಜೀರುಂಡೆಯೂ ಜಾಸ್ತಿ ತಿನ್ನುತ್ತದೆ. ಯಾವುದು ಗೆಲ್ಲುತ್ತದೆ ಎಂಬುದೇ ಪ್ರಶ್ನೆ. ಅವರ ಲೆಕ್ಕದಲ್ಲಿ ಗೆದ್ದದ್ದು ಸೊಳ್ಳೆ. 2 ಡಿಗ್ರಿ ಬಿಸಿಯಾದರೆ ಹುಳು ಬದುಕಿ ಸೊಳ್ಳೆಯಾಗುವ ಸಂಭವ 53% ಹೆಚ್ಚುತ್ತದೆ. ಸೊಳ್ಳೆ ಮೊದಲೇ ಏಳುವುದರಿಂದ ಕ್ಯಾರಿಬೂ ಕರು ಹಾಕುವ ದಿನಗಳಿಗೆ ಅದರ ದಂಡು ಇನ್ನೂ ಹತ್ತಿರವಾಗುತ್ತದೆ. ಈ ಮಾತು ನನ್ನನ್ನು ನಿಜವಾಗಿಯೂ ಕಾಡುತ್ತದೆ. ಹುಟ್ಟಿ ವಾರವಾಗಿರದ ಕರು ಗುಡ್ಡ ಹತ್ತಲಾರದು. ಹೊಂಡಗಳೇ ಬೇಗ ಒಣಗಿಹೋದ ಕಡೆ ಮಾತ್ರ ಲೆಕ್ಕ ತಿರುಗಬಹುದು.

"ಬೇಸಿಗೆಯಲ್ಲಿ ಕತ್ತಲೇ ಆಗಲ್ಲ ಅಂತೀರಿ. ಚಳಿಗಾಲ ಬರ್ತಿದೆ ಅಂತ ಸೊಳ್ಳೆಗೆ ಹೇಗೆ ಗೊತ್ತಾಗುತ್ತೆ?"

ಹಗಲಿನ ಉದ್ದದಿಂದ. ಚಳಿ ಒಂದು ದಿನ ಬಂದು ಮರುದಿನ ಹೋಗಬಹುದು, ಹಗಲು ಮೋಸ ಮಾಡುವುದಿಲ್ಲ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಉತ್ತರ ಅಮೆರಿಕದ ಒಂದು ಪುಟ್ಟ ಸೊಳ್ಳೆ. ಅದು ಹುಳುವಾಗಿ ಇರುವುದು ಕೀಟ ತಿನ್ನುವ ಹೂಜಿ ಗಿಡದ ಎಲೆಯೊಳಗಿನ ನೀರಿನಲ್ಲಿ. ಹಗಲು ಒಂದು ಅಳತೆಗಿಂತ ಗಿಡ್ಡವಾದ ಕೂಡಲೇ ಬೆಳೆಯುವುದನ್ನು ನಿಲ್ಲಿಸಿ ಮಲಗುತ್ತದೆ. ಫ್ಲಾರಿಡಾದಿಂದ ಕೆನಡಾದವರೆಗೆ ಇದು ಸಿಗುತ್ತದೆ, ಊರಿಂದ ಊರಿಗೆ ಆ ಅಳತೆ ಬೇರೆ, ಉತ್ತರದವು ಬೇಗ ಮಲಗುತ್ತವೆ. ಅಳತೆ ಮೊಮ್ಮಕ್ಕಳಿಗೆ ರಕ್ತದಲ್ಲೇ ಬರುತ್ತದೆ.

ವಿಜ್ಞಾನಿಗಳಾದ ವಿಲಿಯಂ ಬ್ರಾಡ್‌ಶಾ ಮತ್ತು ಕ್ರಿಸ್ಟಿನಾ ಹೋಲ್ಟ್ಸಾಪ್‌ಫೆಲ್ ಇದನ್ನು ದಶಕಗಳ ಕಾಲ ಅಳೆದರು. 1972ರಲ್ಲಿ ಅಳೆದದ್ದನ್ನು 1996ರದ್ದಕ್ಕೆ ಹೋಲಿಸಿದಾಗ ಉತ್ತರದ ಸೊಳ್ಳೆಗಳು ಸುಮಾರು 9 ದಿನ ತಡವಾಗಿ ಮಲಗುತ್ತಿದ್ದವು. ಚಳಿಗಾಲ ತಡವಾದದ್ದಕ್ಕೆ ತಕ್ಕ ಹಾಗೆ ಅವುಗಳ ವಂಶವೇ ಬದಲಾಗಿತ್ತು. ಈಗ ಡಿಸೆಂಬರ್‌ನಲ್ಲಿ ಅಂಥ ಒಂದು ಎಲೆಯನ್ನು ಮುರಿದರೆ ಒಳಗೆ ಬೆರಳುದ್ದದ ಮಂಜುಗಡ್ಡೆ, ಅದರೊಳಗೆ ಕೂದಲೆಳೆಯಂಥ ಹುಳುಗಳು ಮಲಗಿರುತ್ತವೆ. ಏಪ್ರಿಲ್‌ನಲ್ಲಿ ಗಡ್ಡೆ ಕರಗಿದಾಗ ಅವು ನಿಲ್ಲಿಸಿದಲ್ಲಿಂದಲೇ ತಿನ್ನಲು ಶುರುಮಾಡುತ್ತವೆ.